ಇಂದೆ ಬನ್ನಿ, ಮುಂದೆ ಬ್ಯಾಡ

ಹುಣಸೂರಿನ ಹೊಸ ಕಾಲೇಜಿಗೆ ಆಗಿನ್ನೂ ಸ್ವಂತ ಕಟ್ಟಡವಿರಲಿಲ್ಲ. ಹೊಗೆಸೊಪ್ಪಿನ ಹಳೇ ಗೋದಾಮಿನಲ್ಲಿ ಪಾಠ. ಅಲ್ಲಿ ಸೀನದೆ ಇತಿಹಾಸ ಕಲಿತವರು ಯಾರೂ ಇಲ್ಲ.

ಕಲಿಸುತ್ತಿದ್ದವರು ಕ್ಯಾಪ್ಟನ್ ಶಿವನಂಜಪ್ಪ. ಎಂ.ಎ. ಮುಗಿಸಿ, ಚೀನಾ ಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಬಿಡುಗಡೆಯಾಗಿ ಬಂದವರು. ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ನೋಟ್ಸ್ ಬರೆಸುವುದು ಅವರಿಗೆ ಆಗದ ಕೆಲಸ. ಯಾವ ಯುದ್ಧದ ಪಾಠ ಬಂದರೂ ತರಗತಿಯನ್ನು ಹಿಂದಿನ ಬಯಲಿಗೆ ಕರೆದೊಯ್ದು, ಎರಡು ದಂಡು ಮಾಡಿ, ಕಾದಾಡಲು ಬಿಡುವರು.

ಪ್ರಿನ್ಸಿಪಾಲ್ ನೀಲಕಂಠಸ್ವಾಮಿಗಳಿಗೆ ಇದು ಸರಿಬೀಳಲಿಲ್ಲ.

"ಗುರುವಾರ ಮೈಸೂರಿಂದ ಪ್ರೊಫೆಸರು ಬರ್ತಾರೆ ಕ್ಯಾಪ್ಟನ್ರೇ. ನಿಮ್ಮ ಪಾಠ ಅವರು ಒಪ್ಪಿದ್ರೆ ನೀವು ಕಾಯಂ. ಇಲ್ದಿದ್ರೆ ನನ್ನ ಕೈಲೇನೂ ಇಲ್ಲ. ಅವತ್ತು ಕುರ್ಚಿ ಬಿಟ್ಟು ಏಳಬೇಡಿ. ನೋಟ್ಸ್ ಬರೆಸಿ."

"ಎಸ್ ಸರ್," ಎಂದರು ಕ್ಯಾಪ್ಟನ್. ಕಾಯಂ ಆಗದಿದ್ದರೆ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾವಲಿನವರನ್ನು ಎಣಿಸುತ್ತ ನಿಲ್ಲಬೇಕು. ಅದಕ್ಕಿಂತ ನೋಟ್ಸೇ ವಾಸಿ. ಆದರೆ ಬುಧವಾರ ಪ್ರಿನ್ಸಿಪಾಲರು ಪಿರಿಯಾಪಟ್ಟಣಕ್ಕೆ ಮದುವೆಗೆ ಹೊರಟಿದ್ದು ತಿಳಿದದ್ದೇ, ತಾಳಿಕೋಟೆ ಯುದ್ಧವನ್ನು ಅಂದೇ ಮುಗಿಸಿಬಿಡೋಣ ಎನಿಸಿತು.

ಹೊರಡುವಾಗ ಪ್ರಿನ್ಸಿಪಾಲರು ಅಟೆಂಡರ್ ಚಿಕ್ಕಮಾದಯ್ಯನಿಗೆ ಹೇಳಿದರು: "ಪ್ರೊಫೆಸರು ಫೋನ್ ಮಾಡ್ತಾರೆ. ಮುಂದಿನ ಬಾಗಿಲಿಗೆ ಜಲ್ಲಿ ಸುರಿದಿದ್ದಾರೆ. ಹಿಂದೆ ಬನ್ನಿ ಅನ್ನು, ಮುಂದೆ ಬೇಡ ಅನ್ನು."

ಚಿಕ್ಕಮಾದಯ್ಯ ನಂಬಿಕಸ್ಥ. ಭಜನೆಯಲ್ಲಿ ಅವನ ದನಿಗೆ ಸಾಟಿಯಿರಲಿಲ್ಲ. ಹಕಾರವೊಂದು ಅವನ ನಾಲಿಗೆಗೆ ಒಲಿದಿರಲಿಲ್ಲ, ಅಷ್ಟೆ. ಹರಿಯನ್ನು ಅರಿ ಎಂದೂ ಹರನನ್ನು ಅರ ಎಂದೂ ಹಾಡಿ, ಇಬ್ಬರಿಂದಲೂ ಕ್ಷಮೆ ಪಡೆದುಕೊಂಡಿದ್ದ.

ಫೋನು ಬಂತು.

"ಅಲೋ."

"ನಾವು ಬರೋ ವಿಷಯ..."

"ಇಂದೆ ಬನ್ನಿ ಸಾ."

"ಇಂದೇನಾ?"

"ಊಂ ಸಾ, ಇಂದೆನೇ. ಮುಂದೆ ಬರ್ಬ್ಯಾಡಿ. ಮುಂದೆ ಬಂದ್ರೆ ಬಾಗ್ಲು ಮುಚ್ಚಿರ್ತದೆ."

"ಇದೇನಯ್ಯ ಇಷ್ಟು ಅವಸರ?"

"ಪ್ರಿನ್ಸಿಪಾಲ್ರು ಏಳವ್ರೆ ಸಾ."

ಪ್ರಾಸವೂ ಕೂಡಿಬಂದಿತ್ತು, ಅರ್ಥವೂ ಕೂಡಿಬಂದಿತ್ತು. ದಿನವೊಂದು ತಪ್ಪಿತ್ತು.

ಮಧ್ಯಾಹ್ನ ಟ್ಯಾಕ್ಸಿ ಇಳಿದ ಪ್ರೊಫೆಸರು ಜಲ್ಲಿ ರಾಶಿ ನೋಡಿ, ಗೋದಾಮನ್ನು ಬಳಸಿಕೊಂಡು ಹಿಂದಕ್ಕೆ ಹೋದರು. ಅಲ್ಲಿ ಧೂಳೆದ್ದಿತ್ತು. ಬಿದಿರ ಗಳ ಹಿಡಿದು ಕಾವಲಿಗಿದ್ದ ಗುರುಪುರದ ದೇವಯ್ಯ ಅಡ್ಡ ನಿಂತ.

"ಆಲ್ಟ್! ನೀವು ಯಾವ ಕಡೆಯೋರು?"

"ನಾನಾ? ಮೈಸೂರು ಕಡೆ."

ದೇವಯ್ಯನಿಗೆ ಅನುಮಾನ. "ಪುಟ್ಟಲಕ್ಷ್ಮಿ, ಮೈಸೂರ್ ಕಡೆಯೋರು ಈ ಯುದ್ಧದಲ್ಲಿ ಅವ್ರಾ?"

ಹಂಪಾಪುರದ ಪುಟ್ಟಲಕ್ಷ್ಮಿ ಓಡುತ್ತಲೇ ಕೂಗಿದಳು: "ಸಾರು ಏಳಿಲ್ಲ ಕಣೋ. ಗೂಢಚಾರ ಇರ್ಬೇಕು, ಇಡ್ಕೊ!"

ಹೊಗೆಸೊಪ್ಪು ಕೊಳ್ಳಲು ಬಂದ ಕಂಪನಿಯವರು ದಾರಿ ತಪ್ಪಿದ್ದಾರೆ ಎಂದುಕೊಂಡ ದೇವಯ್ಯ, ಅವರನ್ನು ಮರ್ಯಾದೆಯಿಂದಲೇ ಹೊಂಗೆಮರದಡಿ ಕೂರಿಸಿ ಸೆರೆ ಹಿಡಿದ.

ತಾಳಿಕೋಟೆ ಮುಗಿಸಿ ಬಂದ ಕ್ಯಾಪ್ಟನ್ ಸೆರೆಯಾಳಿನ ಮುಖ ನೋಡಿದರು. ಸಂದರ್ಶನದಲ್ಲಿ ಕಂಡ ಮುಖ. ಕೈ ತಾನಾಗಿ ಸೆಲ್ಯೂಟಿಗೆ ಏರಿತು.

"ತಾವು ನಾಳೆ ಅಲ್ಲವೇ ಸರ್?"

"ಇಂದೇ ಬನ್ನಿ, ಮುಂದೆ ಬಂದರೆ ಬಾಗಿಲು ಮುಚ್ಚಿರುತ್ತೆ ಅಂದರಲ್ರೀ."

ಮುಚ್ಚಿದ ಬಾಗಿಲು ತಮ್ಮದೇ ಎಂದುಕೊಂಡರು ಕ್ಯಾಪ್ಟನ್.

ಪ್ರೊಫೆಸರು ಏದುಸಿರು ಬಿಡುತ್ತಿದ್ದ ಪುಟ್ಟಲಕ್ಷ್ಮಿಯ ಕಡೆ ತಿರುಗಿದರು. "ವಿಜಯನಗರದವರು ಯಾಕಮ್ಮ ಸೋತರು?"

"ಗೊತ್ತಿಲ್ಲ ಸಾರ್. ನಾನು ಎಡಗಡೆ ದಂಡಲ್ಲಿದ್ದೆ, ನಾವು ಗೆಲ್ತಾನೇ ಇದ್ವಿ. ನಡು ದಂಡಲ್ಲಿ ನಮ್ ಯಜಮಾನ್ರು ಸೆರೆ ಸಿಕ್ರು ಅಂತ ಯಾರೋ ಕೂಗಿದ್ರು. ಎಲ್ರೂ ಓಡಿದ್ರು. ನಾನೂ ಓಡ್ದೆ. ಈಗ ನಾಚ್ಕೆ ಆಯ್ತದೆ."

ಇದೇ ಸೋಲಿಗೆ ಪ್ರೊಫೆಸರು ಎಷ್ಟೋ ವರ್ಷದಿಂದ ಕಾರಣಗಳನ್ನು ಬರೆಸುತ್ತ ಬಂದಿದ್ದರು. ಬರೆದುಕೊಂಡವರಲ್ಲಿ ಒಬ್ಬರೂ ನಾಚಿರಲಿಲ್ಲ.

"ಇನ್ನು ನಾನು ಹೋಗಬಹುದೇನಪ್ಪ?" ಎಂದು ಎದ್ದರು.

ದೇವಯ್ಯ ಗಳ ಅಡ್ಡ ಹಿಡಿದ. ಬಂದವರು ಯಾರೆಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. "ಸೆರೆಯಾಳು ಅಂಗೇ ಓಗಂಗಿಲ್ಲ ಸಾ. ಒಪ್ಪಂದ ಆಗ್ಬೇಕು."

"ಏನು ಒಪ್ಪಂದ?"

"ನಮ್ ಸಾರು ಇಲ್ಲೇ ಇರ್ಬೇಕು."

"ದೇವಯ್ಯ! ಎಬೌಟ್ ಟರ್ನ್!" ಕ್ಯಾಪ್ಟನ್ ಗುಡುಗಿದರು. ದೇವಯ್ಯ ತಿರುಗಿದ, ಗಳ ಮಾತ್ರ ಬಿಡಲಿಲ್ಲ.

ಪ್ರೊಫೆಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಯ್ತಪ್ಪ, ಒಪ್ಪಿದೆ. ಗಳ ತೆಗಿ."

ಕಾಯಂ ಆದೇಶ ಬಂದ ದಿನ ಪ್ರಿನ್ಸಿಪಾಲರು ಒಂದೇ ಷರತ್ತು ಹಾಕಿದರು: "ಯುದ್ಧ ಏನಾದ್ರೂ ಮಾಡ್ಕೊಳ್ಳಿ. ಮೊದಲು ಆ ಚಿಕ್ಕಮಾದಯ್ಯನ ಬಾಯಲ್ಲಿ ಹಕಾರ ಹೊರಡಿಸಿ."

ಮಾರನೆಯ ಬೆಳಗಿನಿಂದ ಬಯಲಿನಲ್ಲಿ ಹೊಸ ಕವಾಯತು ಶುರುವಾಯಿತು. ಇಡೀ ತರಗತಿ ಹೊಟ್ಟೆಯ ಮೇಲೆ ಕೈಯಿಟ್ಟು "ಹ! ಹ! ಹ!" ಎನ್ನುವುದು. ಪಿರಿಯಾಪಟ್ಟಣದ ಬಸ್ಸಿನವರು ಕಿಟಕಿಯಲ್ಲಿ ಬಗ್ಗಿ, ಕಾಲೇಜಿನಲ್ಲಿ ಇಷ್ಟು ನಗುವಂಥದ್ದು ಏನು ಕಲಿಸುತ್ತಾರೋ ಎಂದು ನೋಡುವರು.

ಮುಂದಿನ ಸಾಲಿನಲ್ಲಿ ಚಿಕ್ಕಮಾದಯ್ಯ ಎದೆ ತುಂಬಿ "ಅ! ಅ! ಅ!" ಎನ್ನುತ್ತಿದ್ದ. ಕ್ಯಾಪ್ಟನ್ ಅವನನ್ನು ತಿದ್ದಲು ಹೋಗಲಿಲ್ಲ.