ಗಿಡುಗದ ವಯಸ್ಸು

ಕುದುರೆಗಳು ನಾಲ್ಕು. ಒಂದೂ ಓಡುತ್ತಿಲ್ಲ. ಹಾಲು ಕರೆಯುತ್ತಿದ್ದ ಉಲ್ಜಾನಳ ಕೈ ನಿಂತಿತು. ಸಾವಿನ ಸುದ್ದಿ ತರುವವರು ಅಲಾಯ್ ಕಣಿವೆಯಲ್ಲಿ ಕುದುರೆ ಓಡಿಸುವುದಿಲ್ಲ, ಒಬ್ಬರೇ ಬರುವುದೂ ಇಲ್ಲ.

ಗಂಡ ತಾಲಾಂತ್ ಲಾರಿಗೆ ಕುರಿ ತುಂಬಿಕೊಂಡು ಓಶ್ ಪೇಟೆಗೆ ಹೋಗಿ ನಾಲ್ಕು ದಿನವಾಗಿತ್ತು. ಎರಡೇ ದಿನಕ್ಕೆ ಬರಬೇಕಿತ್ತು. ಈ ಹುಲ್ಲುಗಾವಲಿನಲ್ಲಿ ಫೋನ್ ಸಿಗುವುದಿಲ್ಲ. ಕೆಳಗಿನ ಹಳ್ಳಿಯಲ್ಲಿದ್ದ ಅಪ್ಪನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಎಪ್ಪತ್ತೊಂದಾದರೂ ಕಳೆದ ವಾರ ತಾನೇ ಹಿಟ್ಟಿನ ಚೀಲ ಹೇರಿಕೊಂಡು ಬಂದು ಹೋಗಿದ್ದ.

ಊರ ಹಿರಿಯ ಸಾತಿಬಾಲ್ದಿ, ನೆರೆಮನೆಯ ಗುಲ್ಸುನ್, ಇನ್ನಿಬ್ಬರು ಮುದುಕರು ಗುಡಾರದೊಳಗೆ ಬಂದು ಕೂತರು. ಮಳೆಯ ಮಾತು, ಕುರಿಯ ಮಾತು ಆಯಿತು. ಉಲ್ಜಾನ್ ಚಹಾ ಬಗ್ಗಿಸಿ ಸಾತಿಬಾಲ್ದಿಯ ಮುಂದಿಟ್ಟಳು. ಬಟ್ಟಲು ಅಂಚಿನ ತನಕ ತುಂಬಿತ್ತು.

ಅತಿಥಿಗೆ ಅರ್ಧ ಬಟ್ಟಲು ಕೊಡಬೇಕು. ತುಂಬಿಸಿ ಕೊಟ್ಟರೆ ಎದ್ದು ಹೋಗಿ ಎಂದರ್ಥ.

"ಏನೇ ಹುಡುಗಿ, ಕೂತ್ಕೊಳ್ಳೋಕ್ ಮುಂಚೇನೇ ಓಡಿಸ್ತಿದ್ದೀಯಲ್ಲ?" ಎಂದ ಸಾತಿಬಾಲ್ದಿ. "ನನ್ನ ಸೊಸೆಯಾದ್ರೂ ಒಂದು ಬಟ್ಟಲು ಕುಡಿಯೋ ತನಕ ಸುಮ್ನಿರ್ತಾಳೆ."

"ಹೋಗ್ಬಿಡಿ ಅಜ್ಜಾ," ಎಂದಳು ಉಲ್ಜಾನ್. "ನಾಳೆ ಬನ್ನಿ."

ಯಾರೂ ನಗಲಿಲ್ಲ. ಗುಲ್ಸುನ್ ಎದ್ದು ಬಂದು ಅವಳ ಪಕ್ಕ ಕೂತಳು. ಸಾತಿಬಾಲ್ದಿ ಬಟ್ಟಲನ್ನು ಬದಿಗೆ ಸರಿಸಿದ.

"ಒಂದು ಮನೇಲಿ ಒಂದು ಗಿಡುಗ ಇತ್ತು," ಎಂದು ಶುರು ಮಾಡಿದ. ಸತ್ತವರ ಹೆಸರು ಹೇಳುವ ಮುಂಚೆ ಕಥೆ ಹೇಳುವುದು ಕ್ರಮ. "ಒಳ್ಳೇ ಬೇಟೆಗಾರ ಗಿಡುಗ. ನಿನ್ನೆ ಬೆಳಗ್ಗೆ ಕಾಲಿನ ದಾರ ಬಿಚ್ಕೊಳ್ತು. ಮನೆಯವರು ಕೂಗಿದ್ರು. ಅದು ತಿರುಗಿ ನೋಡ್ಲಿಲ್ಲ..."

ಕಥೆಯ ನಡುವೆ ಬಾಯಿ ಹಾಕಬಾರದು. ಉಲ್ಜಾನ್ ಹಾಕಿದಳು.

"ಎಳೇ ಗಿಡುಗಾನಾ ಅಜ್ಜಾ? ಮುದೀದಾ?"

ಮುದುಕರಿಬ್ಬರೂ ತಲೆ ತಗ್ಗಿಸಿದರು.

"ಮುದೀದು, ಮಗಳೇ," ಎಂದ ಸಾತಿಬಾಲ್ದಿ.

"ಸದ್ಯ," ಎಂದಳು ಉಲ್ಜಾನ್.

ಅಂದದ್ದು ಎಲ್ಲರಿಗೂ ಕೇಳಿಸಿತು. ಅವಳಿಗೂ ಕೇಳಿಸಿತು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇದು ಊರಿಗೆ ಹೋಗುತ್ತದೆ, ಅಪ್ಪನ ಹೆಣದ ಮುಂದೆ ಹೆಂಗಸರ ಬಾಯಿಗೆ ಬೀಳುತ್ತದೆ.

ಸಾತಿಬಾಲ್ದಿಯ ದನಿ ಬದಲಾಗಲಿಲ್ಲ. "ಆ ಮನೆ ಮಗಳೂ ಮೊದಲು ಸದ್ಯ ಅಂದ್ಲು. ಅವಳ ಗಂಡ ಇನ್ನೂ ದಾರೀಲಿದ್ದ, ಲಾರಿ ಕೆಟ್ಟು. ಅವಳು ಅಂದಿದ್ದನ್ನ ಗಿಡುಗ ಕೇಳಿಸ್ಕೊಂಡಿದ್ರೆ ನಗ್ತಿತ್ತು."

"ನಗ್ತಿತ್ತು," ಎಂದಳು ಗುಲ್ಸುನ್. "ಅದರ ಬುದ್ಧಿ ನಮಗ್ ಗೊತ್ತಿಲ್ವಾ?"

"ನಗ್ತಿತ್ತು," ಎಂದರು ಉಳಿದಿಬ್ಬರೂ.

ಉಲ್ಜಾನಳಿಗೆ ಕೈಗಳನ್ನು ಬಾಯಿಂದ ಇಳಿಸಲು ತುಂಬ ಹೊತ್ತು ಹಿಡಿಯಿತು.

"ಆ ಗಿಡುಗಕ್ಕೆ," ಎಂದಳು, "ಎಡಗಾಲು ಸ್ವಲ್ಪ ಕುಂಟು. ಚಳಿಗಾಲದಲ್ಲಿ ಜಾಸ್ತಿ."

"ಹೌದಾ?" ಎಂದು ಸಾತಿಬಾಲ್ದಿ, ಆ ಕಾಲನ್ನು ಐವತ್ತು ವರ್ಷ ನೋಡಿದ್ದವನು, ಮುಂದಕ್ಕೆ ಬಾಗಿ ಕೂತ.