ಕಂಡೆನ್ಸರ್ ಹೋಯಿತು

ನಮ್ಮ ಕೊಳ್ಳೇಗಾಲದ ಕಡೆ ಏನು ಕೆಟ್ಟರೂ ಕಂಡೆನ್ಸರ್ ಹೋಯಿತು ಅನ್ನುತ್ತಾರೆ. ಫ್ಯಾನು ನಿಧಾನವಾದರೂ ಅದೇ, ಬೋರ್‌ವೆಲ್ ಮೋಟಾರು ಗುಂಯ್ ಅಂದು ನಿಂತರೂ ಅದೇ. ಇಪ್ಪತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡುವ ನನಗೆ ಕೇಳಿದರೆ ಮೈ ಉರಿಯುತ್ತದೆ. ಫ್ಯಾನಿನದು ಕರೆಂಟು ಹಿಡಿದಿಟ್ಟು ಬಿಡುವ ಪುಟ್ಟ ಡಬ್ಬಿ. ಫ್ರಿಜ್ಜಿನದು ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕೊಳವೆ, ಅದಕ್ಕೆ ಗಾಳಿಯಾಡಬೇಕು. ಹೇಳಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನೂ ಬಾಡಿಗೆಗೆ ಕೊಡುತ್ತೇನೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅದನ್ನು ಅಜ್ಜೀಪುರಕ್ಕೆ ಒಯ್ದೆ. ಜ್ವರದಲ್ಲಿ ತೀರಿಕೊಂಡವಳು ದೀಪ, ಹತ್ತೊಂಬತ್ತು ವರ್ಷ. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಜ್ಜಿ ಚನ್ನಮಲ್ಲಮ್ಮ. ತಂದೆ ನಿಂಗರಾಜು ಲಾರಿ ಡ್ರೈವರು, ಹಿಂದಿನ ದಿನವೇ ನಾಗಪುರದಿಂದ ಹೊರಟಿದ್ದ. ದಾರಿಯಿಂದಲೇ ಫೋನ್ ಮಾಡಿದ.

“ನಾನ್ ಬರೋಗಂಟ ಕೂಸಿನ ಮುಖ ಕೆಡದಂಗೆ ನೋಡ್ಕಳಿ ಸಾ. ಒಂದ್ಸಲ ನೋಡ್ಬುಟ್ಟು ಮಣ್ಣು ಮಾಡ್ತೀನಿ.”

“ನಾನಿವ್ನಿ, ನೀ ಬಾರಪ್ಪ,” ಅಂದೆ.

ಚಪ್ಪರದಡಿ ಪೆಟ್ಟಿಗೆ ಇಟ್ಟು, ತಲೆಯ ಕಡೆ ಬಿಸಿಗಾಳಿ ಹೊರಬರುವ ಜಾಲರಿಗೆ ಏನೂ ಅಡ್ಡ ಇಡಬೇಡಿ ಎಂದು ನೆರೆದವರಿಗೆಲ್ಲ ಹೇಳಿದೆ. ಅಜ್ಜಿ ಅಳುತ್ತಿದ್ದಳು, ಅವಳಿಗೆ ಕೇಳಿಸಿತೋ ಇಲ್ಲವೋ ನೋಡಲಿಲ್ಲ. ಅಷ್ಟರಲ್ಲಿ ಹನೂರಿನ ಬೇಕರಿಯವನು ಫ್ರಿಜ್ ನಿಂತಿದೆ ಎಂದು ಪ್ರಾಣ ತಿಂದ. ಬೇಗ ಬರುತ್ತೇನೆ ಎಂದುಕೊಂಡು ಹೋದೆ. ಹೋಗಬಾರದಿತ್ತು.

ಮರಳಿದಾಗ ಮೂರು ಗಂಟೆ. ತಮಟೆ ಬಡಿಯುತ್ತಿದ್ದರು, ಪೆಟ್ಟಿಗೆಯ ಸದ್ದು ನಿಂತಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಜಾಲರಿಯ ತುಂಬ ಒಂದು ಹಳೆಯ ದುಪ್ಪಟಿಯನ್ನು ಗಟ್ಟಿಯಾಗಿ ತುರುಕಿದ್ದರು.

“ಯಾರ್ಲಾ ಇದ್ನ ತುರುಕಿದ್ದು?” ಎಂದು ಕಿರುಚಿದೆ.

“ನಾನೇ ಕಣಪ್ಪ,” ಅಂದಳು ಚನ್ನಮಲ್ಲಮ್ಮ. “ಕೂಸಿನ ತಲೆತಾವ್ಲೇ ಬಿಸಿಗಾಳಿ ರಾಚ್ತಿತ್ತು. ಜ್ವರದಾಗೆ ಬೆಂದೋಗಿದ್ ಮೈ ಅಲ್ವಾ? ಅಡ್ಡ ಇಟ್ಮೇಲೆ ನಿಂತ್ಕತು.”

ನಿಂತದ್ದು ಮೆಷಿನ್ನು. ಎಷ್ಟು ಹೊತ್ತಿನ ಹಿಂದೆಯೋ ಬಿಸಿಯೇರಿ ನಿಂತಿತ್ತು. ಬೆವರಿದ ಗಾಜು ಒರೆಸಿ ನೋಡಿದೆ, ಮುಖ ಊದಿ ಕಪ್ಪಿಟ್ಟಿತ್ತು. ದುಪ್ಪಟಿ ಎಳೆದು ಮತ್ತೆ ಚಾಲೂ ಮಾಡಿದೆ. ಕೆಟ್ಟ ಮುಖವನ್ನು ಯಾವ ಮೆಷಿನ್ನೂ ಸರಿಮಾಡುವುದಿಲ್ಲ ಅಂತ ನನಗೆ ಗೊತ್ತಿತ್ತು.

ಐದಕ್ಕೆ ನಿಂಗರಾಜು ಬಂದ. ಗಾಜಿನ ಮೇಲೆ ಬಗ್ಗಿದವನು ಹಾಗೇ ಹಿಂದೆ ಸರಿದ.

“ಇದು ನನ್ ಕೂಸಲ್ಲ,” ಅಂದ. ಆಮೇಲೆ ನನ್ನ ಕೊರಳಪಟ್ಟಿ ಹಿಡಿದ. “ಮಾತು ಕೊಟ್ಟಿದ್ರಲ್ಲ ಸಾ! ಏನಾಯ್ತು ಅಂತ ಏಳಿ!”

ಅಜ್ಜಿ ದುಪ್ಪಟಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಕಂಡೆನ್ಸರ್ ಓಯ್ತು ಕಣಪ್ಪ,” ಅಂದೆ.

ಅವನು ಕೆನ್ನೆಗೆ ಬಾರಿಸಿದ.

“ಬುಡ್ಲಾ ನಿಂಗ, ಅವನೇನ್ ಮಾಡಾನು,” ಎಂದು ಚನ್ನಮಲ್ಲಮ್ಮ ಎದೆ ಬಡಿದುಕೊಂಡಳು. “ಆ ಬಿಸಿಗಾಳಿಗೆ ಒಂದೇ ದುಪ್ಟಿ ಇಟ್ಟೆ ಕಣ್ಲಾ. ಇನ್ನೊಂದು ಇಡ್ಬೇಕಿತ್ತು ನಾನು.”