ದೊರೆ ಕೊಟ್ಟ ಭರವಸೆ

ಪೆಟ್ಟಿಗೆಯ ಹಗ್ಗವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ ಕ್ವೋಕ್, ಎದ್ದು ನಿಂತು ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಅವಧಿಗೆ ಮುಂಚೆಯೇ ನಿವೃತ್ತಿ ಕೇಳುವ ಅರ್ಜಿ ಅಲ್ಲೇ ಇತ್ತು. ಇವತ್ತೇ ಕಡೇ ದಿನ. ಅದನ್ನು ಕೊಡಲೆಂದೇ ಬೆಟ್ಟ ಹತ್ತಿ ಬಂದವನು, ಇಂಗ್ಲೆಂಡಿಗೆ ಹೊರಟಿದ್ದ ಜಲಾಶಯದ ಅಧಿಕಾರಿ ಪ್ರಿಚರ್ಡ್ ದೊರೆಯ ಬಂಗಲೆಯಲ್ಲಿ ಸಾಮಾನು ಕಟ್ಟುವ ಗಡಿಬಿಡಿ ಕಂಡು, ತನ್ನ ಕೆಲಸ ಆಮೇಲೆ ಎಂದು ಅಂಗಿಯ ತೋಳು ಮಡಚಿ ಕೈಹಾಕಿದ್ದ.

ಇನ್ನು ಕೆಲವೇ ತಿಂಗಳಲ್ಲಿ ಹಾಂಗ್‌ಕಾಂಗ್ ಬ್ರಿಟಿಷರಿಂದ ಚೀನಾದ ಕೈಗೆ. ಈಗ ಬಿಟ್ಟರೆ ಪೆನ್ಷನ್ ಕಡಿಮೆ, ಆದರೆ ಅದರಲ್ಲಿ ಅರ್ಧ ಇಡಿಗಂಟಾಗಿ ಕೈಗೆ ಬರುತ್ತದೆ. ಉಳಿದರೆ ಪೂರ್ತಿ ಪೆನ್ಷನ್. ಕೊಡುವವರು ಮಾತ್ರ ಬೇರೆಯವರು. ಜಲಾಶಯದ ಆಳುಗಳೆಲ್ಲ ಕೆಳಗೆ ಪಂಪ್‌ಹೌಸಿನಲ್ಲಿ ಖಾಲಿ ಅರ್ಜಿ ಹಿಡಿದು ಕಾಯುತ್ತಿದ್ದರು. ಮೇಸ್ತ್ರಿ ಕ್ವೋಕ್ ಏನು ಮಾಡುತ್ತಾನೋ ಅದೇ ತಮ್ಮದೂ ಎಂದು ಅವರ ತೀರ್ಮಾನ.

"ಅರ್ಜಿ ತಂದಿದ್ದೀಯಂತೆ?" ಪ್ರಿಚರ್ಡ್ ಇವರ ಭಾಷೆಯಲ್ಲೇ ಕೇಳಿದ. ಇಪ್ಪತ್ತು ವರ್ಷ ಇವರನ್ನು ಬೈದೂ ಬೈದೂ ಕಲಿತ ಭಾಷೆ. "ಹುಚ್ಚೇನಯ್ಯಾ ನಿಂಗೆ? ಇನ್ನೂ ಇಷ್ಟು ಸರ್ವೀಸ್ ಇಟ್ಕೊಂಡು! ಕಾನೂನಿದೆ, ಒಪ್ಪಂದ ಇದೆ. ಒಂದು ಕಾಸೂ ಮುಳುಗಲ್ಲ. ನೀನು ಹೋದ್ರೆ ಆಳುಗಳೂ ಎದ್ದು ಹೋಗ್ತಾರೆ."

"ನಿಮ್ಮ ಮಾತಿನ ಮೇಲೆ ಉಳೀಬಹುದಾ ಸರ್?"

"ಕಣ್ಣು ಮುಚ್ಕೊಂಡು ಉಳಿ."

ಕ್ವೋಕ್‌ನ ಎದೆ ಹಗುರಾಯಿತು. ಮತ್ತೊಂದು ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡ. ಪಿಂಗಾಣಿ ತಟ್ಟೆಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತುತ್ತಿದ್ದ ದೊರೆಸಾನಿ ನಕ್ಕಳು.

"ಇವರೂ ಹೀಗೇ ನಿದ್ದೆಗೆಟ್ಟಿದ್ರು ಕ್ವೋಕ್. ಪೆನ್ಷನ್‌ಗೆ ನಾವು ಜವಾಬ್ದಾರಿ ಅಂತ ಲಂಡನ್ನಿನವ್ರು ಬರೆದುಕೊಟ್ಟ ಮೇಲೇ ಗೊರಕೆ ಹೊಡೆದಿದ್ದು."

"ನಮ್ಮ ಪೆನ್ಷನ್‌ಗೂನಾ ಅಮ್ಮಾ?"

ಅವಳು ಗಂಡನ ಮುಖ ನೋಡಿದಳು. ಪ್ರಿಚರ್ಡ್ ಕಿಟಕಿಯ ಕಡೆ ತಿರುಗಿದ.

"ಅದು ಅಲ್ಲಿಂದ ಬಂದ ಅಧಿಕಾರಿಗಳಿಗೆ ಮಾತ್ರ. ನಿಮಗೆ ಅದರ ಅಗತ್ಯವೇ ಇಲ್ವಲ್ಲ."

ಕ್ವೋಕ್ ಹಗ್ಗ ಬಿಗಿದ. ಕೈ ಒರೆಸಿಕೊಂಡು, ಜೇಬಿನಿಂದ ಅರ್ಜಿ ತೆಗೆದು ಪೆಟ್ಟಿಗೆಯ ಮೇಲಿಟ್ಟ.

"ನನ್ನ ಮಾತು ನಂಬಲ್ವಾ?"

"ನಂಬ್ತೀನಿ ಸರ್. ನೀವೂ ಬರೀ ಮಾತು ನಂಬ್ಕೊಂಡೇ ಕೂತಿದ್ರೆ ನಾನೂ ಕೂರ್ತಿದ್ದೆ."

ಮೆಟ್ಟಿಲಿಳಿದು ಬರುತ್ತಿದ್ದಂತೆ ಪಂಪ್‌ಹೌಸಿನ ಬಾಗಿಲಿಂದ ಲಾಯಿ ಕೂಗಿದ. ಆಳುಗಳಲ್ಲೆಲ್ಲ ಹಳಬ ಅವನು.

"ಮೇಸ್ತ್ರೀ, ಏನಂತೆ ಬಿಳಿ ದೆವ್ವ?"

"ಚಿಂತೆ ಬೇಡವಂತೆ. ಅವನಿಗೆ ಲಂಡನ್ ಬರೆದುಕೊಟ್ಟಿದೆ. ನಮಗೆ ಅವನ ಬಾಯಿಮಾತು. ನಂದು ಕೊಟ್ಟು ಬಂದೆ."

ಒಬ್ಬ ಕ್ಯಾಕರಿಸಿ ಉಗಿದ. ಲಾಯಿ ಮಾತ್ರ ನಕ್ಕ.

"ಈ ಕೊಳವೇಲಿ ಬರೋದು ಚೀನಾದ ನೀರೇ, ಮೂವತ್ತು ವರ್ಷದಿಂದ ಅದನ್ನೇ ಕುಡೀತಿದ್ದೀವಿ. ಈಗ ಅವರ ಅನ್ನಕ್ಕೆ ಹೆದರೋದಾ?"

"ನೀನು ಉಳ್ಕೋ ಹೋಗು ಹಂಗಾದ್ರೆ!" ಯಾರೋ ಅಂದರು.

ಇದ್ದದ್ದು ಒಂದೇ ಪೆನ್ನು. ಒಬ್ಬೊಬ್ಬರಾಗಿ ಸಹಿ ಹಾಕಿ ಪಕ್ಕದವನಿಗೆ ಕೊಡತೊಡಗಿದರು. ತನ್ನ ಕೈಗೆ ಬಂದಾಗ ಲಾಯಿ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಸಹಿ ಹಾಕದೆಯೇ ಮುಂದಿನವನಿಗೆ ದಾಟಿಸಿದ. ನೀರು ಬಿಡುವ ಹೊತ್ತಾಗಿತ್ತು. ಒಳಗೆ ಹೋಗಿ ಎರಡೂ ಕೈಯಿಂದ ಚಕ್ರ ತಿರುಗಿಸಿದ. ಗಡಿಯಾಚೆಯ ನೀರು ಗುಡುಗುತ್ತ ಕೊಳವೆಯೊಳಗೆ ನುಗ್ಗಿತು.